ತುಣುಕೇ ಮುಗಿದುಹೋದರೆ ಅಂತ ಕೇಳಿದೆಯಲ್ಲ

ಪುಟ್ಟಿ, ಆಶೀರ್ವಾದ.

ಮನೆ ಸಮಾಚಾರ ನಿಮ್ಮಮ್ಮ ಫೋನಲ್ಲಿ ಹೇಳಿರುತ್ತಾಳೆ, ಅದು ಬಿಡು. ನಿನ್ನ ಪತ್ರದ ಕೊನೆಯಲ್ಲಿ ಒಂದು ಸಾಲಿತ್ತು: "ದೊಡ್ಡಪ್ಪ, ನಾನು ಲ್ಯಾಬಿನಲ್ಲಿ ತೆಳ್ಳಗೆ ಸೆಕ್ಷನ್ ಕತ್ತರಿಸುವಾಗ ರೋಗಿಯ ತುಣುಕೇ ಮುಗಿದುಹೋದರೆ?" ಅದನ್ನು ಓದಿದ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ನನ್ನ ಕೈಯಲ್ಲಿ ಹಾಗಾಗಿದೆ. ನಿಮ್ಮ ದೊಡ್ಡಮ್ಮನಿಗೂ ಹೇಳಿಲ್ಲ.

ಕೆಲಸಕ್ಕೆ ಸೇರಿ ಎರಡನೇ ವರ್ಷ. ಒಬ್ಬ ಹೆಂಗಸಿನ ಲಿವರಿನಿಂದ ಸೂಜಿಯಲ್ಲಿ ತೆಗೆದ ಬಯಾಪ್ಸಿ. ಶಾವಿಗೆ ಎಳೆಯಷ್ಟು ಟಿಶ್ಯೂ, ಫಾರ್ಮಲಿನ್, ಆಲ್ಕೋಹಾಲ್, ಜೈಲೀನ್ ಎಲ್ಲ ದಾಟಿ ಮೇಣದಲ್ಲಿ ಕೂತಿತ್ತು. ಆ ಮೇಣದ ಬ್ಲಾಕ್ ಒಂಚೂರು ಓರೆ. ಮೇಲಿನ ಮೇಣ ಹೆರೆಯುವ ಟ್ರಿಮ್ಮಿಂಗ್ ಅಂತ, ತೆಳ್ಳಗೆ ಕತ್ತರಿಸುವ ಮೈಕ್ರೋಟೋಮ್ ಮಷೀನನ್ನು 20 ಮೈಕ್ರಾನ್ ದಪ್ಪಕ್ಕೆ ಇಟ್ಟವನು ಪಕ್ಕದವನ ಜೊತೆ ಹರಟುತ್ತಾ ಚಕ್ರ ತಿರುಗಿಸಿದೆ. ನೋಡಿದರೆ ಬ್ಲಾಕಿನಲ್ಲಿ ಬರೀ ಬಿಳಿ ಮೇಣ. ಬ್ಲೇಡಿನ ಕೆಳಗೆ ತೆಂಗಿನತುರಿಯ ಹಾಗೆ ಬಿದ್ದಿದ್ದನ್ನು ಅರ್ಧ ಗಂಟೆ ಕೆದಕಿದೆ. ಎರಡು ಚೂರು ಸಿಕ್ಕವು. ಬಿಸಿನೀರಿಗೆ ಬಿಟ್ಟರೆ ಬಿಚ್ಚಿಕೊಳ್ಳಲೇ ಇಲ್ಲ.

ಸ್ಯಾಂಪಲ್ ಸಾಲದು ಅಂತ ರಿಪೋರ್ಟ್ ಹೋಯಿತು. ಆಯಮ್ಮ ಮತ್ತೆ ಬಂದರು. ಹಳೇ ಚೀಟಿ ಹಿಡಿದು ಬೆಂಚಿನ ಮೇಲೆ ಕೂತಿದ್ದರು, ಇನ್ನೊಂದು ಸಲ ಚುಚ್ಚಿಸಿಕೊಳ್ಳುವುದಕ್ಕೆ. ನಾನು ಎರಡು ಸಲ ಅವರ ಮುಂದೆಯೇ ಓಡಾಡಿದೆ. ತಪ್ಪು ನಂದು ಅಂತ ಅವರಿಗಿರಲಿ, ಡಾಕ್ಟರಿಗೂ ಹೇಳಲಿಲ್ಲ. ತುಣುಕು ಹೋಗಿದ್ದಕ್ಕಿಂತ ಇದು ಜಾಸ್ತಿ ಚುಚ್ಚುತ್ತದೆ.

ಮುಗಿದುಹೋದರೆ ಅಂತೀಯ. ಫ್ರಾನ್ಸಿನಲ್ಲಿ ಬಿಷಾ ಅಂತ ಒಬ್ಬ ಡಾಕ್ಟರಿದ್ದ, 1802ರಲ್ಲಿ ತೀರಿಕೊಂಡ, ಬರೀ 30 ವಯಸ್ಸು. ಮೈಕ್ರೋಸ್ಕೋಪ್ ಮುಟ್ಟದೆ 21 ಥರದ ಟಿಶ್ಯೂ ವಿಂಗಡಿಸಿದ್ದ. ಬೇಯಿಸಿದ, ಒಣಗಿಸಿದ, ಕೊಳೆಸಿಯೂ ನೋಡಿದ. ಅವನಿಗೇನು, ಇಡೀ ಹೆಣ ಮುಂದಿತ್ತು. ನಮಗೆ ಸಿಗುವುದು ಒಂದು ಎಳೆ, ಅದೂ ಬದುಕಿರುವವರದು.

ನಿಮ್ಮ ಮಷೀನುಗಳೇ ಬೇರೆ, ಹೇಳುವುದಕ್ಕೆ ನಾನ್ಯಾರು. ಆದರೂ ಸಣ್ಣ ತುಣುಕಿಗೆ ಟ್ರಿಮ್ಮಿಂಗ್ ಜಾಸ್ತಿ ಮಾಡಬೇಡ. ಟಿಶ್ಯೂ ಕಂಡ ಕೂಡಲೇ 3-4 ಮೈಕ್ರಾನಿಗೆ ಇಳಿಸು. ಬ್ಲಾಕ್ ಐಸ್ ಮೇಲೆ ತಣ್ಣಗಿರಲಿ. ಒಂದೆರಡು ಸ್ಲೈಡ್ ಬಣ್ಣ ಹಾಕದೆ ಆಗಲೇ ಎತ್ತಿಡು. ಆಮೇಲೆ ಡಾಕ್ಟರು ಇನ್ನೊಂದು ಸ್ಟೈನ್, ಅಂದರೆ ಬೇರೆ ಬಣ್ಣ, ಬೇಕು ಅಂತಾರೆ. ಬ್ಲಾಕನ್ನು ಮತ್ತೆ ಸಿಕ್ಕಿಸಿ ಸಮ ಮಾಡುವಷ್ಟರಲ್ಲಿ ಇದ್ದಬದ್ದದ್ದೂ ಹೋಗುತ್ತದೆ. ಇದೆಲ್ಲ ನಿನಗೆ ಗೊತ್ತೇ ಇರುತ್ತೆ, ಅಲ್ವಾ?

ಆದರೂ ಮುಗಿದುಹೋದರೆ, ಆವತ್ತೇ ಹೋಗಿ ಹೇಳಿಬಿಡು. ಬೈಸಿಕೊಂಡು ಬಾ.

ಆಯಮ್ಮನ ಎರಡನೇ ತುಣುಕನ್ನು ಕತ್ತರಿಸಿದ್ದೂ ನಾನೇ. ಯಾರ ಹತ್ತಿರವೂ ಮಾತಾಡಲಿಲ್ಲ, ಒಂದೊಂದೇ ಸುತ್ತು. ಸೆಕ್ಷನ್‌ಗಳ ರಿಬ್ಬನ್ ನೀರಿನ ಮೇಲೆ ಸುಕ್ಕಿಲ್ಲದೆ ಹರಡಿಕೊಂಡಿತು. ಆ ಬ್ಲಾಕಿನ ನಂಬರು ಈಗಲೂ ಬಾಯಿಗೆ ಬರುತ್ತದೆ.

ನಿನ್ನ ದೊಡ್ಡಪ್ಪ

ಮರೆತಿದ್ದೆ: ತುಣುಕು ಇಡುವ ಕ್ಯಾಸೆಟ್ ಡಬ್ಬಿ ಮೇಲೆ ಪೆನ್ಸಿಲಿನಲ್ಲೇ ಬರಿ. ಪೆನ್ನಿನದು ಜೈಲೀನಿಗೆ ಅಳಿಸಿಹೋಗುತ್ತೆ.