ಅಟ್ಟದ ಮೇಲಿನ ಹಳೇ ಕಂಪ್ಯೂಟರ್ ಗುಜರಿಗೆ ಹಾಕಬೇಡಿ

ಮಾನ್ಯ ಸಂಪಾದಕರೇ,

ಹೋದ ವಾರ ನಮ್ಮ ಬೀದಿಯಲ್ಲಿ ಒಂದು ಹಳೇ ಮನೆ ಕೆಡವಲು ಶುರು ಮಾಡಿದರು. ಬಾಗಿಲು, ಕಿಟಕಿ, ಹಂಡೆ, ಹಳೇ ಪೇಪರಿನ ಕಟ್ಟು ಎಲ್ಲ ಗುಜರಿ ಗಾಡಿ ಏರುತ್ತಿತ್ತು. ಅದರ ಮಧ್ಯೆ ಕೆನೆಬಣ್ಣದ ಒಂದು ಕೀಬೋರ್ಡು ಕಣ್ಣಿಗೆ ಬಿತ್ತು. ಮೇಲಿನ ಸಾಲಿನ ಕೀಲಿಗಳು ಕೆಂಪಗಿದ್ದವು. ದೂರದಿಂದಲೇ ಗುರುತು ಹತ್ತಿತು, ಬಿಬಿಸಿ ಮೈಕ್ರೊ. ಇಂಗ್ಲೆಂಡಿನ ಏಕಾರ್ನ್ ಕಂಪನಿ 1981ರಲ್ಲಿ ಹೊರತಂದ ಕಂಪ್ಯೂಟರ್, ಕೀಬೋರ್ಡಿನ ಪೆಟ್ಟಿಗೆಯೊಳಗೇ ಇಡೀ ಯಂತ್ರ. 1984-85ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಎಂಬ ಕಂಪ್ಯೂಟರ್ ಶಿಕ್ಷಣ ಯೋಜನೆಯಡಿ ಶಾಲೆಗಳಿಗೆ ಕೊಟ್ಟದ್ದು ಇದನ್ನೇ. ನಾನು ಚಪ್ಪಲಿ ಮೆಟ್ಟಿ ಹೋಗುವಷ್ಟರಲ್ಲಿ ಗಾಡಿಯ ಹುಡುಗ ಮುಚ್ಚಳ ಎಬ್ಬಿ ಬೋರ್ಡು ಮುರಿದಾಗಿತ್ತು. ಅವನ ತಪ್ಪೇನೂ ಇಲ್ಲ. ತೂಕಕ್ಕೆ ಹಾಕಿದವರೇ ಅದು ಏನೆಂದು ಹೇಳಿರಲಿಲ್ಲ. ಅವತ್ತು ಮಧ್ಯಾಹ್ನ ನನಗೆ ಊಟ ಸೇರಲಿಲ್ಲ. ಈ ಪತ್ರ ಬರೆಯುತ್ತಿರುವುದು ಅದಕ್ಕೇ.

ನಾನು ಹನುಮಂತನಗರದಲ್ಲಿ ಮೂವತ್ತು ವರ್ಷ ಟಿವಿ ರಿಪೇರಿ ಅಂಗಡಿ ಇಟ್ಟಿದ್ದವನು. 1981ರ ನವೆಂಬರ್ 1ರಂದು ಬೆಂಗಳೂರು ದೂರದರ್ಶನ ಶುರುವಾದಾಗ ನಾನಿನ್ನೂ ಕೆಲಸ ಕಲಿಯುವ ಹುಡುಗ. 1987ರಲ್ಲಿ ಗಿರಾಕಿಯೊಬ್ಬರು ಒಂದು ಚಿಕ್ಕ ಕಪ್ಪು ಪೆಟ್ಟಿಗೆ ತಂದು, ‘ಮಗ ಲಂಡನ್ನಿಂದ ಕಳಿಸಿದ್ದಾನೆ, ನಮ್ಮ ಟಿವಿಯಲ್ಲಿ ಬರೀ ಇರುವೆ ಹರಿದಾಡುತ್ತೆ, ನೋಡಿ’ ಎಂದರು. ಅದು ಜಡ್‌ಎಕ್ಸ್ ಸ್ಪೆಕ್ಟ್ರಮ್. ಕ್ಲೈವ್ ಸಿಂಕ್ಲೇರ್ ಅವರ ಕಂಪನಿ 1982ರಲ್ಲಿ ಬಿಟ್ಟ ಮನೆ ಕಂಪ್ಯೂಟರ್. ರಬ್ಬರ್ ಕೀಲಿ, 48 ಕೆ ಮೆಮೊರಿ, ಟಿವಿಯೇ ಪರದೆ, ಟೇಪ್ ರೆಕಾರ್ಡರೇ ಡಿಸ್ಕು. ಚಿತ್ರ ಬಾರದ ಕಾರಣ ಸುಲಭದ್ದೇ: ಅಲ್ಲಿಯ ಯಂತ್ರ ಯುಹೆಚ್‌ಎಫ್ ಎಂಬ ತರಂಗಪಟ್ಟಿಯ 36ನೇ ಚಾನೆಲ್ಲಿನಲ್ಲಿ ಸಿಗ್ನಲ್ ಕೊಡುತ್ತದೆ, ಅವರ ಮನೆಯ ಸೆಟ್ಟಿಗೆ ವಿಹೆಚ್‌ಎಫ್ ಪಟ್ಟಿ ಬಿಟ್ಟು ಬೇರೆ ಹಿಡಿಯಲು ಬಾರದು. ಚಿತ್ರವನ್ನು ಚಾನೆಲ್ಲಿಗೆ ಏರಿಸುವ ಮಾಡ್ಯುಲೇಟರಿಗೆ ಹೋಗುವ ಮೊದಲೇ ವಿಡಿಯೊ ತಂತಿ ಹೊರಗೆಳೆದು, ಅಂಗಡಿಯಲ್ಲಿದ್ದ ವಿಸಿಆರ್‌ಗೆ ಕೊಟ್ಟು, ಅಲ್ಲಿಂದ ಟಿವಿಗೆ ಸೇರಿಸಿದೆ. ಬಿಳಿ ಪರದೆ, ಕೆಳಗೆ ಒಂದು ಸಾಲು ಕಪ್ಪು ಅಕ್ಷರ. ಅಂಗಡಿ ಮುಂದೆ ಜನ ಸೇರಿಬಿಟ್ಟರು.

ಆ ಮಗ ಮುಂದೆ ಅಲ್ಲೇ ನೆಲೆ ನಿಂತ. ಯಜಮಾನರು ಪೆಟ್ಟಿಗೆಯನ್ನು ನನ್ನ ಕೈಗಿಟ್ಟು, ‘ನಿಮ್ಮ ಹತ್ತಿರ ಇದ್ದರೆ ಬದುಕಿರುತ್ತೆ’ ಎಂದರು. ಇಂದಿಗೂ ಇದೆ.

ಅದರಲ್ಲಿ ನಾನು ಮಾಡಿದ ಒಂದು ಕೆಲಸ ಹೇಳಿಕೊಳ್ಳಬೇಕು. ಸ್ಪೆಕ್ಟ್ರಮ್‌ನಲ್ಲಿ ನಮಗೆ ಬೇಕಾದ ಆಕಾರ ಬರೆದುಕೊಳ್ಳಲು 21 ಚೌಕ ಕೊಟ್ಟಿದ್ದಾರೆ. ಒಂದೊಂದರಲ್ಲಿ ಅಡ್ಡಕ್ಕೆ 8, ಉದ್ದಕ್ಕೆ 8 ಚುಕ್ಕಿ. ಇಂಗ್ಲಿಷ್ ಅಕ್ಷರಕ್ಕೆ ಒಂದು ಚೌಕ ಸಾಕು, ನಮ್ಮ ಕನ್ನಡಕ್ಕೆ ಎಲ್ಲಿ ಸಾಕು? ‘ಬೆಂಗಳೂರು’ ಎಂದು ಪರದೆಯ ಮೇಲೆ ನೋಡಲೇಬೇಕೆಂದು ಹಠ ಹಿಡಿದೆ. ಮಗಳ ಗ್ರಾಫ್ ಪುಸ್ತಕ ತೆಗೆದುಕೊಂಡು ರಾತ್ರಿ ಅಂಗಡಿ ಬಾಗಿಲು ಹಾಕಿದ ಮೇಲೆ ಕೂರುತ್ತಿದ್ದೆ. ‘ಬೆ’ಗೆ ನಾಲ್ಕು ಚೌಕ, ಸೊನ್ನೆಗೆ ಒಂದು, ‘ಗ’ಕ್ಕೆ ನಾಲ್ಕು. ‘ಳೂ’ ಅಕ್ಷರದ ಕೊಂಬು ಬಲಕ್ಕೆ ಚಾಚುತ್ತದೆ, ಅದಕ್ಕೆ ಆರು. ‘ರು’ಗೂ ಆರು. ಕೂಡಿಸಿ ನೋಡಿದರೆ ಸರಿಯಾಗಿ 21! ಒಂದೂ ಹೆಚ್ಚಿಲ್ಲ, ಒಂದೂ ಕಮ್ಮಿಯಿಲ್ಲ. ಪ್ರತಿ ಚುಕ್ಕಿಗೂ ಒಂದು ಅಥವಾ ಸೊನ್ನೆ, ಹಾಗೆ ಎಂಟೆಂಟರ ಸಾಲು ಟೈಪು ಮಾಡಿ ಓಡಿಸಿದೆ. ಊರಿನ ಹೆಸರು ಮೂಡಿದ ಆ ಕ್ಷಣ ಪಕ್ಕದಲ್ಲಿ ಯಾರೂ ಇರಲಿಲ್ಲ. ಅಟ್ಟದ ಮೇಲಿರುವ ಪೆಟ್ಟಿಗೆಗಳ ಬಗ್ಗೆ ನನಗಿರುವ ಸಂಕಟವೂ ಅದೇ. ನಾಲ್ಕು ಜನ ಸುತ್ತ ಕೂತು ನೋಡಲೆಂದೇ ಮಾಡಿದ ವಸ್ತುಗಳು ಅವು.

ಈಗ ಎರಡು ವರ್ಷದಿಂದ ಭಾನುವಾರ ಬೆಳಿಗ್ಗೆ ನಮ್ಮ ಹಜಾರದಲ್ಲಿ ಮೇಜು ಹಾಕುತ್ತೇನೆ. ಮೊಮ್ಮಗಳು, ಅವಳ ಗೆಳತಿಯರು, ಎದುರು ಮನೆಯ ಹುಡುಗರು ಬರುತ್ತಾರೆ. ಸ್ಪೆಕ್ಟ್ರಮ್‌ಗೆ ಕ್ಯಾಸೆಟ್ ಹಾಕಿ ಆಟ ಏರಿಸುವುದನ್ನು ಅವರೇ ಮಾಡಬೇಕು. ‘ಜೆ’ ಒತ್ತಿದರೆ ‘ಲೋಡ್’ ಎಂಬ ಇಡೀ ಪದ ಬೀಳುತ್ತದೆ, ಆಮೇಲೆ ಎರಡು ಉದ್ಧರಣ ಚಿಹ್ನೆ, ಎಂಟರ್. ಟೇಪ್ ಕಿರುಚುತ್ತದೆ. ಪರದೆಯ ಅಂಚಿನಲ್ಲಿ ಮೊದಲು ಕೆಂಪು ಮತ್ತು ತಿಳಿನೀಲಿ ಪಟ್ಟೆ, ಆಮೇಲೆ ನೀಲಿ ಮತ್ತು ಹಳದಿ ಪಟ್ಟೆ ಓಡುತ್ತವೆ. ನಾಲ್ಕೈದು ನಿಮಿಷ ಕಾಯಬೇಕು. ಮಕ್ಕಳು ಆ ಐದು ನಿಮಿಷ ಉಸಿರು ಬಿಗಿಹಿಡಿದು ಕೂರುವುದನ್ನು ಅವರ ಅಪ್ಪ ಅಮ್ಮ ಬಂದು ನೋಡಬೇಕು. ಟೇಪ್ ರೆಕಾರ್ಡರಿನ ಬೆಲ್ಟ್ ಕರಗಿ ಟಾರಿನಂತಾಗಿದ್ದರೂ ಚಿಂತೆಯಿಲ್ಲ, ಕ್ಯಾಸೆಟ್ಟಿನ ಸದ್ದನ್ನು ಮೊಬೈಲಿಗೆ ತುಂಬಿಸಿಕೊಂಡು ವೈರಿನಲ್ಲಿ ಕೊಟ್ಟರೂ ಆಟ ಏರುತ್ತದೆ.

ಇನ್ನೊಂದು ಮೂಲೆಯಲ್ಲಿ ಟಿವಿ ಗೇಮ್. ತೊಂಬತ್ತರ ದಶಕದಲ್ಲಿ ಬೀದಿ ಬೀದಿಯಲ್ಲೂ ಗಂಟೆ ಲೆಕ್ಕದಲ್ಲಿ ಆಡಿಸುತ್ತಿದ್ದರಲ್ಲ, ಅದೇ. ಜಪಾನಿನಲ್ಲಿ 1983ರಲ್ಲಿ ಬಂದ ನಿಂಟೆಂಡೊ ಫ್ಯಾಮಿಕಾಮ್‌ನ ನಕಲು. ‘ಕಾಂಟ್ರಾ’ ಆಡುವಾಗ ಇಬ್ಬರೂ ಒಟ್ಟಿಗೇ ಮುಂದೆ ಹೋಗಬೇಕು. ಒಬ್ಬಳು ಹಿಂದೆ ಬಿದ್ದರೆ ಇನ್ನೊಬ್ಬಳು ಕಾಯಬೇಕು. ಆ ಜಗಳ, ಆ ರಾಜಿ ಮೊಬೈಲ್ ಆಟದಲ್ಲಿ ನಾನು ಕಂಡಿಲ್ಲ. ಮೊನ್ನೆ ಮೊಮ್ಮಗಳು ಟಿವಿ ಗೇಮಿನ ಆಟದ ಬಂದೂಕು ಹಿಡಿದು, ‘ತಾತ, ಈ ಬಂದೂಕು ಒಳಗಿನ ದೊಡ್ಡ ಟಿವಿಯಲ್ಲಿ ಯಾಕೆ ಬಾತುಕೋಳಿ ಹೊಡೆಯಲ್ಲ?’ ಅಂದಳು. ಬಂದೂಕಿನ ಕುದುರೆ (ಟ್ರಿಗರ್) ಒತ್ತಿದೊಡನೆ ಪರದೆ ಕಣ್ಣು ಮಿಟುಕಿಸುವಷ್ಟರಲ್ಲಿ ಕಪ್ಪಾಗಿ, ಹಕ್ಕಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ ಬೆಳಗುತ್ತದೆ. ಬಂದೂಕಿನ ಕಣ್ಣು ಆ ಬೆಳಕನ್ನೇ ಹುಡುಕುವುದು. ಹೊಸ ಟಿವಿ ಚಿತ್ರ ತೋರಿಸಲು ಒಂಚೂರು ತಡ ಮಾಡುತ್ತದೆ, ಅಷ್ಟರಲ್ಲಿ ಗುರಿ ತಪ್ಪಿರುತ್ತದೆ. ಪಿಕ್ಚರ್ ಟ್ಯೂಬಿನ ಹದಿನಾಲ್ಕು ಇಂಚಿನ ಟಿವಿ ಬೇಕೇ ಬೇಕು. ಆದ್ದರಿಂದ ಓದುಗರೇ, ಅದನ್ನೂ ಎಸೆಯಬೇಡಿ.

ಅಟ್ಟದಿಂದ ಇಳಿಸಿದ ಕೂಡಲೇ ಪ್ಲಗ್ಗಿಗೆ ಹಾಕಬೇಡಿ ಎಂಬುದು ನನ್ನ ಕೈಮುಗಿದ ವಿನಂತಿ. ಸ್ಪೆಕ್ಟ್ರಮ್‌ಗೆ 9 ವೋಲ್ಟ್ ಬೇಕು, ಪಿನ್ನಿನ ನಡುಭಾಗ ನೆಗೆಟಿವ್. ಈಗ ಸಿಗುವ ಅಡಾಪ್ಟರುಗಳಲ್ಲಿ ಹೆಚ್ಚಿನವಕ್ಕೆ ನಡುಭಾಗ ಪಾಸಿಟಿವ್. ನಮ್ಮ ಭಾನುವಾರದ ಹುಡುಗನೊಬ್ಬನ ತಂದೆ ಪ್ರೀತಿಯಿಂದಲೇ ಹೊಸ ಅಡಾಪ್ಟರ್ ತಂದು ಚುಚ್ಚಿದರು. ಆ ಬೋರ್ಡು ಎಬ್ಬಿಸಲು ನನಗೆ ಮೂರು ತಿಂಗಳು ಹಿಡಿಯಿತು, ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಚಿಪ್ಪಿಗಾಗಿ ಮೂಲೆ ಮೂಲೆ ಅಲೆದೆ. ಬಿಬಿಸಿ ಮೈಕ್ರೊ ಆದರೆ ಪವರ್ ಸಪ್ಲೈ ಒಳಗಿನ ಮೈನ್ಸ್ ಫಿಲ್ಟರ್ ಕೆಪಾಸಿಟರು ಎಂಬ ಚಿಕ್ಕ ಬಿಡಿಭಾಗ ವಯಸ್ಸಿಗೆ ಮೈ ಸೀಳಿರುತ್ತದೆ. ಕರೆಂಟು ಕೊಟ್ಟ ಸ್ವಲ್ಪ ಹೊತ್ತಿಗೆ ಪಟ್ ಎಂದು ಸಿಡಿದು ಮನೆ ತುಂಬ ಹೊಗೆ. ಮೊದಲು ಅದನ್ನು ಬದಲಾಯಿಸಿ. ಟಿವಿ ಗೇಮಿನ ಕ್ಯಾಸೆಟ್ಟಿಗೆ ಬಾಯಿಂದ ಊದುವ ಅಭ್ಯಾಸ ಎಲ್ಲರಿಗೂ ಇದೆ, ಉಸಿರಿನ ತೇವಕ್ಕೆ ಅದರ ಅಂಚಿನ ಹಿತ್ತಾಳೆಬಣ್ಣದ ಹಲ್ಲುಗಳು ಕಿಲುಬು ಹಿಡಿಯುತ್ತವೆ. ಹತ್ತಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಒರೆಸಿದರೆ ಸಾಕು.

ಯಂತ್ರದ ಜೊತೆ ನೋಟ್‌ಬುಕ್ಕುಗಳೂ ಇರುತ್ತವೆ. ಎಂಬತ್ತರ ದಶಕದ ಹುಡುಗರು ಕೈಯಲ್ಲಿ ಬರೆದಿಟ್ಟ ಬೇಸಿಕ್ ಎಂಬ ಕಂಪ್ಯೂಟರ್ ಭಾಷೆಯ ಪ್ರೋಗ್ರಾಮುಗಳು, ಎಣ್ಣೆಕಲೆ ಹಿಡಿದ ಗ್ರಾಫ್ ಹಾಳೆಗಳು, ಪೆನ್ನಿನಲ್ಲಿ ಆಟದ ಹೆಸರು ಗೀಚಿದ ಕ್ಯಾಸೆಟ್‌ಗಳು. ನನಗೆ ಯಂತ್ರಕ್ಕಿಂತ ಇವೇ ಅಮೂಲ್ಯ. ಇನ್ನೊಂದು ಸ್ಪೆಕ್ಟ್ರಮ್ ಎಲ್ಲಾದರೂ ಸಿಕ್ಕೀತು, ಗಾಂಧಿಬಜಾರಿನ ಒಬ್ಬ ಹುಡುಗ 1986ರಲ್ಲಿ ಬರೆದ ಪ್ರೋಗ್ರಾಮು ಇನ್ನೆಲ್ಲಿಯೂ ಸಿಗದು.

ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಗುಂಡಿ ಒತ್ತಿ ವಿಜ್ಞಾನ ಕಲಿತ ಮಕ್ಕಳ ಊರು ನಮ್ಮದು. ಬಡಾವಣೆಯ ಗ್ರಂಥಾಲಯಗಳಲ್ಲಿ ತಿಂಗಳಿಗೆ ಒಂದು ಭಾನುವಾರ ಒಂದು ಮೇಜು, ಒಂದು ಪ್ಲಗ್ ಪಾಯಿಂಟು ಕೊಟ್ಟರೆ ನನ್ನ ಯಂತ್ರಗಳನ್ನು ನಾನೇ ಹೊತ್ತು ತರುತ್ತೇನೆ, ರಿಪೇರಿ ಖರ್ಚೂ ನನ್ನದೇ. ಗಾಜಿನ ಪೆಟ್ಟಿಗೆಯಲ್ಲಿ ಇಡುವುದು ಬೇಡ, ಮಕ್ಕಳು ಮುಟ್ಟಬೇಕು. ಒಂದು ಕೀಲಿ ಕಿತ್ತು ಬಂದರೆ ನಾನಿದ್ದೇನೆ, ಕೂರಿಸುತ್ತೇನೆ.

ಆಯುಧಪೂಜೆಗೆ ಮನೆ ಒರೆಸುವಾಗ ಅಟ್ಟ ಹತ್ತಿ ಒಮ್ಮೆ ನೋಡಿ. ಪೆಟ್ಟಿಗೆ ಸಿಕ್ಕರೆ ವೈರು, ಅಡಾಪ್ಟರು, ಕ್ಯಾಸೆಟ್ಟು, ನೋಟ್‌ಬುಕ್ಕು ಒಟ್ಟಿಗೇ ಒಂದು ಚೀಲದಲ್ಲಿ ಕಟ್ಟಿಡಿ. ನಿಮ್ಮ ಬೀದಿಯಲ್ಲೂ ನನ್ನಂಥ ಒಬ್ಬ ಹಳೇ ಟಿವಿ ಮೆಕ್ಯಾನಿಕ್ ಇದ್ದೇ ಇರುತ್ತಾನೆ, ಅವನನ್ನು ಕರೆಯಿರಿ.

ಇತಿ,
ನಿವೃತ್ತ ಟಿವಿ ಮೆಕ್ಯಾನಿಕ್,
ಹನುಮಂತನಗರ, ಬೆಂಗಳೂರು