ಷರತ್ತುಗಳು ಅನ್ವಯಿಸುತ್ತವೆ

ಬಳಗದ ಎಲ್ಲರಿಗೂ ಸಂಕ್ರಾಂತಿಯ ಶುಭಾಶಯಗಳು.

ಜನವರಿಯ ಟೋಕಿಯೋ ನಿಮಗೆ ಗೊತ್ತೇ ಇದೆ. ಆಕಾಶದಲ್ಲಿ ಮೋಡದ ಚೂರೂ ಇಲ್ಲ, ಬೆಳಿಗ್ಗೆ ಬಾಲ್ಕನಿಯಲ್ಲಿ ಹರವಿದ ಬಟ್ಟೆ ಮಧ್ಯಾಹ್ನಕ್ಕೆ ಗರಿಗರಿ, ತುಟಿ ಒಡೆದು ನಗಲೂ ಕಷ್ಟ. ಊರಿಂದ ಫೋನ್ ಮಾಡಿ "ಹಿಮ ಬಿತ್ತಾ?" ಅಂತ ಕೇಳುವವರಿಗೆ "ಇಲ್ಲ, ಬಿಸಿಲು" ಅಂದರೆ ನಾವು ಇರುವುದು ಜಪಾನೇ ಹೌದೋ ಅಲ್ಲವೋ ಎಂಬ ಅನುಮಾನ ಅವರಿಗೆ. ಹಿಮ ಬೀಳುತ್ತಿದೆ. ಆದರೆ ಅದು ಬೆಟ್ಟದ ಆಚೆ.

ಚಳಿಗಾಲದಲ್ಲಿ ಸೈಬೀರಿಯಾದ ಮೇಲೆ ಭಾರವಾದ ತಣ್ಣನೆಯ ಗಾಳಿ ಜಮಾಯಿಸುತ್ತದೆ. ಜಪಾನಿನ ಪೂರ್ವಕ್ಕೆ, ಪೆಸಿಫಿಕ್ ಕಡೆ ಒತ್ತಡ ಕಡಿಮೆ. ಟಿವಿಯ ಹವಾಮಾನದವರು ಚಳಿಗಾಲವಿಡೀ ಜಪಿಸುವ 'ಸೇಯ್ಕೋ ತೋತೇಯ್', ಅಂದರೆ ಪಶ್ಚಿಮದಲ್ಲಿ ಹೆಚ್ಚು, ಪೂರ್ವದಲ್ಲಿ ಕಡಿಮೆ, ಇದೇ. ಹೀಗೆ ಹೊರಟ ಗಾಳಿ ಜಪಾನ್ ಸಮುದ್ರದ ಬೆಚ್ಚನೆಯ ನೀರಿನ ಮೇಲೆ ಹಾದು ಬರುವಾಗ ತೇವ ಹೀರಿಕೊಂಡು, ದೇಶದ ನಡುವಿನ ಬೆಟ್ಟಸಾಲಿಗೆ ಬಡಿದು ಹಿಮವನ್ನೆಲ್ಲ ಅಲ್ಲೇ ಸುರಿದು, ಒಣಗಿ ಈಚೆ ಇಳಿಯುತ್ತದೆ. ನಮ್ಮ ತುಟಿ ಒಡೆಯುವುದಕ್ಕೂ ಬೆಟ್ಟದಾಚೆ ಹಿಮ ಎತ್ತಿಹಾಕುವ ನೀಗಾತಾದವರ ಸೊಂಟ ಮುರಿಯುವುದಕ್ಕೂ ಒಂದೇ ಗಾಳಿ ಕಾರಣ.

ಇದನ್ನು ಕಣ್ಣಾರೆ ನೋಡಬೇಕೆಂದರೆ ನೀಗಾತಾಕ್ಕೆ ಹೋಗುವ ಜೊಯೆತ್ಸು ಶಿಂಕಾನ್ಸೆನ್ ಬುಲೆಟ್ ರೈಲು ಹತ್ತಿದರೆ ಸಾಕು. 22 ಕಿಲೋಮೀಟರ್ ಉದ್ದದ ದಾಯ್‌ಶಿಮಿಜು ಸುರಂಗದ ಈ ಬಾಯಲ್ಲಿ ಒಣ ಹುಲ್ಲು, ಆ ಬಾಯಲ್ಲಿ ಮನೆಯ ಕಿಟಕಿ ಮುಚ್ಚುವಷ್ಟು ಹಿಮ. ಇನ್ನೂ ಮುಂದೆ ನಾಗಾಓಕಾದಲ್ಲಿ ಇಳಿದರೆ ರಸ್ತೆಗಳೆಲ್ಲ ಕೆಂಪಗೆ ತುಕ್ಕು ಹಿಡಿದಂತೆ ಕಾಣುತ್ತವೆ. ನಡುರಸ್ತೆಯಲ್ಲಿ ಹೂತ ಪೈಪಿನಿಂದ ಅಂತರ್ಜಲವನ್ನು ಚಿಮ್ಮಿಸಿ ಹಿಮ ಕರಗಿಸುತ್ತಾರೆ, ಆ ನೀರಿನ ಕಬ್ಬಿಣದ ಕಲೆ ಅದು. ತೀರ ಉತ್ತರಕ್ಕೆ ಅಓಮೊರಿಯ ತ್ಸುಗಾರು ರೈಲಿನಲ್ಲಿ ಡಿಸೆಂಬರಿನಿಂದ ಮಾರ್ಚ್‌ವರೆಗೆ ಬೋಗಿಯೊಳಗೇ ಕಲ್ಲಿದ್ದಲಿನ ಒಲೆ ಉರಿಸುತ್ತಾರೆ. ಅದರ ಮೇಲೆ ಒಣ ಸ್ಕ್ವಿಡ್ ಸುಟ್ಟು ಕೊಡುತ್ತಾರೆ. ನನ್ನಂಥ ಪುಳಿಚಾರಿನವರು ಮೊದಲೇ ಕಿಟಕಿ ಪಕ್ಕದ ಸೀಟು ಹಿಡಿಯುವುದು ಒಳ್ಳೆಯದು.

ಇಲ್ಲಿನ ರೈಲುಗಳ ಸಮಯಪಾಲನೆಯನ್ನು ನಾವು ಊರಿನವರ ಮುಂದೆ ಹಾಡಿ ಹೊಗಳಿದ್ದೇ ಹೊಗಳಿದ್ದು. ಆದರೆ 2018ರ ಜನವರಿಯಲ್ಲಿ ನೀಗಾತಾದ ಸಾನ್‌ಜೊ ಬಳಿ ಒಂದು ಲೋಕಲ್ ರೈಲು ಹಿಮದಲ್ಲಿ ಹೂತು, ಸುಮಾರು 430 ಜನ ಹದಿನೈದು ಗಂಟೆ ಅದರೊಳಗೇ ಉಳಿದಿದ್ದರು. ಈಗ ದೊಡ್ಡ ಹಿಮಪಾತವೋ ಚಂಡಮಾರುತವೋ ಬರುವ ಸೂಚನೆ ಇದ್ದರೆ 'ನಾಳೆ ಓಡಿಸುವುದಿಲ್ಲ' ಅಂತ ಹಿಂದಿನ ದಿನವೇ ಹೇಳಿಬಿಡುವುದು ಮಾಮೂಲು. ನನ್ನನ್ನು ಕೇಳಿದರೆ, ಈ ದೇಶದಲ್ಲಿ ಮೆಚ್ಚಬೇಕಾದ್ದು ರೈಲು ಹೊತ್ತಿಗೆ ಸರಿಯಾಗಿ ಬರುವುದನ್ನಲ್ಲ. ಬರಲಾಗದು ಎಂಬುದನ್ನು ಮುಜುಗರವಿಲ್ಲದೆ ಮುಂಚಿತವಾಗಿ ಹೇಳುತ್ತಾರಲ್ಲ, ಅದನ್ನು. ಈ ಗುಣ ಗಟ್ಟಿಯಾಗಿ ಕಾಣುವುದು ಸಮುದ್ರದ ಮೇಲೆ, ಅದೂ ಚಳಿಗಾಲದಲ್ಲಿ.

ಯಾಕೆಂದರೆ ಟೋಕಿಯೋಗೆ ಬಿಸಿಲು ತಂದ ಅದೇ ಗಾಳಿ ಅಲ್ಲಿಗೆ ನಿಲ್ಲುವುದಿಲ್ಲ. ದಕ್ಷಿಣಕ್ಕೆ ಸಾಲಾಗಿ ಕೂತಿರುವ ಇಜು ದ್ವೀಪಗಳ ಮೇಲೆ ಪಶ್ಚಿಮದಿಂದ ನುಗ್ಗುತ್ತದೆ. ನಮ್ಮ ಬಾಲ್ಕನಿಯಲ್ಲಿ ಬಟ್ಟೆ ಚೆನ್ನಾಗಿ ಒಣಗುವ ದಿನವೇ ದ್ವೀಪದ ಹಡಗು ರದ್ದಾಗುವುದು ಹೆಚ್ಚು. ಈ ದ್ವೀಪಗಳೂ ಟೋಕಿಯೋ ಆಡಳಿತಕ್ಕೇ ಸೇರಿದವು. ಅಲ್ಲಿನ ಕಾರುಗಳಿಗೂ ಶಿನಾಗಾವಾ ನಂಬರ್ ಪ್ಲೇಟು.

ಹಾಮಾಮಾತ್ಸುಚೋ ನಿಲ್ದಾಣದಿಂದ ನಡೆದುಹೋಗುವಷ್ಟು ಹತ್ತಿರ ತಾಕೇಶಿಬಾ ಜೆಟ್ಟಿ. ರಾತ್ರಿ ಹತ್ತೂವರೆಗೆ ಅಲ್ಲಿಂದ ತಾಚಿಬಾನಾ ಮಾರು ಎಂಬ ಹಳದಿ ಹಡಗು ಹೊರಟು ಮಿಯಾಕೆ, ಮಿಕುರಾ ದ್ವೀಪಗಳನ್ನು ಮುಟ್ಟಿ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಹಾಚಿಜೊ ಸೇರುತ್ತದೆ. ಟಿಕೆಟ್ ಕೌಂಟರಿನ ಮೇಲಿನ ಬೋರ್ಡಿನಲ್ಲಿ ಪ್ರತಿ ದ್ವೀಪದ ಹೆಸರಿನ ಮುಂದೆ ಆ ದಿನದ ಸ್ಥಿತಿ. ಮಿಕುರಾದ ಮುಂದೆ 'ಜೋಕೆನ್ ತ್ಸುಕಿ', ಅಂದರೆ ಷರತ್ತಿನ ಮೇಲೆ. ಹಡಗು ಹೋಗುತ್ತದೆ, ದಡ ಹತ್ತಿಸುತ್ತೇವೆ ಎಂಬ ಭರವಸೆ ಮಾತ್ರ ಇಲ್ಲ. ಕೌಂಟರಿನ ಹುಡುಗಿ ನನ್ನ ಮುಖ ನೋಡಿ, ವಿದೇಶಿಯವರಿಗೆ ಅರ್ಥವಾಯಿತೋ ಇಲ್ಲವೋ ಅಂತ, ನಿಧಾನವಾಗಿ ಮತ್ತೊಮ್ಮೆ ಹೇಳಿದಳು. ಹಾಚಿಜೊಗೆ ಹೋಗುವ ನನಗೆ ಆ ಷರತ್ತು ತಾಗುತ್ತಿರಲಿಲ್ಲ. ಆದರೂ ಪೂರ್ತಿ ಹೇಳಿ ಮುಗಿಸಿಯೇ ಟಿಕೆಟ್ ಕೊಟ್ಟಳು.

ಅಗ್ಗದ ದರ್ಜೆಯೆಂದರೆ ಕಾರ್ಪೆಟ್ ಹಾಸಿದ ಕೋಣೆ, ನೆಲದ ಮೇಲೆ ನಂಬರ್ ಬರೆದ ಒಬ್ಬೊಬ್ಬರ ಜಾಗ, ತಲೆಯ ಹತ್ತಿರ ಮುಖ ಮರೆಯಾಗುವಷ್ಟು ಸಣ್ಣ ಅಡ್ಡಹಲಗೆ. ಕಂಬಳಿ ಬಾಡಿಗೆಗೆ ಸಿಗುತ್ತದೆ. ರೇನ್‌ಬೋ ಬ್ರಿಜ್ ಅಡಿಯಲ್ಲಿ ಹಾಯುವಾಗ ಡೆಕ್ಕಿನಲ್ಲಿ ಫೋಟೋ ಹೊಡೆಯುವ ಗಲಾಟೆ, ಆಮೇಲೆ ಎಲ್ಲರೂ ಒಳಗೆ. ಕೊಲ್ಲಿ ದಾಟುವತನಕ ಹಡಗು ಚಲಿಸುತ್ತಿದೆ ಎಂದೇ ಅನ್ನಿಸುವುದಿಲ್ಲ. ದಾಟಿದ ಮೇಲೆ ಯಾರೂ ಹೇಳದೆಯೇ ಗೊತ್ತಾಗುತ್ತದೆ.

ಮಿಕುರಾ ದ್ವೀಪಕ್ಕೆ ಬಂದದ್ದು ಆರು ಗಂಟೆಗೆ, ಇನ್ನೂ ಕತ್ತಲು. ಸುಮಾರು ಮುನ್ನೂರು ಜನರ ಊರು ಅದು, ಸುತ್ತ ಕಡಿದಾದ ದಂಡೆ, ಸಮುದ್ರಕ್ಕೆ ಚಾಚಿದ ಒಂದು ಜೆಟ್ಟಿ. ಫ್ಲಡ್‌ಲೈಟಿನ ಕೆಳಗೆ ಹೆಲ್ಮೆಟ್ ಹಾಕಿದ ಜನ, ಸಣ್ಣ ಟ್ರಕ್ಕುಗಳು. ಇಳಿಯುವವರು ಬ್ಯಾಗು ಹೊತ್ತು ಬಾಗಿಲ ಬಳಿ ಸಾಲು ನಿಂತಿದ್ದರು. ಹಡಗು ಪಕ್ಕಕ್ಕೆ ಸರಿಯಿತು, ತೆಳು ಹಗ್ಗ ಎಸೆದರು, ಆ ಕಡೆಯವರು ಹಿಡಿದು ದಪ್ಪ ಹಗ್ಗವನ್ನು ಎಳೆದುಕೊಳ್ಳತೊಡಗಿದರು. ಅಷ್ಟರಲ್ಲಿ ಒಂದು ಅಲೆ ಜೆಟ್ಟಿಯನ್ನೇ ಹತ್ತಿ ಇಳಿಯಿತು. ಹಗ್ಗ ಬಿಟ್ಟರು, ಹಡಗು ಹಿಂದೆ ಸರಿಯಿತು. ಸ್ವಲ್ಪ ಹೊತ್ತು ಕಾದು ಇನ್ನೊಮ್ಮೆ ಪ್ರಯತ್ನ, ಮತ್ತೆ ಅದೇ ಕತೆ. ಸ್ಪೀಕರಿನಲ್ಲಿ ಕ್ಯಾಪ್ಟನ್ನರ ದನಿ: ಈಗ ಮುಟ್ಟಲಾಗುವುದಿಲ್ಲ, ಹಾಚಿಜೊದಿಂದ ಮರಳುವಾಗ ಮಧ್ಯಾಹ್ನ ಮತ್ತೆ ನೋಡುತ್ತೇವೆ. ಸಾಲಿನಲ್ಲಿದ್ದ ಯಾರೂ ಗೊಣಗಲಿಲ್ಲ. ಇಬ್ಬರು ಮಕ್ಕಳ ಜೊತೆ ತರಕಾರಿಯ ಪೆಟ್ಟಿಗೆ ಹಿಡಿದಿದ್ದ ತಾಯಿಯೊಬ್ಬರು ಪೆಟ್ಟಿಗೆ ಕೆಳಗಿಟ್ಟು, ಮಕ್ಕಳ ಜಾಕೆಟ್ ಬಿಚ್ಚಿಸಿ, ಮತ್ತೆ ಕಾರ್ಪೆಟ್ಟಿನ ಕೋಣೆಗೆ ಕರೆದುಕೊಂಡು ಹೋದರು.

ಮಿಕುರಾ ದಾಟಿದ ಮೇಲೆ ಕುರೊಶಿಯೊ ಎಂಬ ಸಮುದ್ರಪ್ರವಾಹವನ್ನು ಅಡ್ಡ ಹಾಯಬೇಕು. ಆ ಭಾಗದ ಬಗ್ಗೆ ಬರೆಯುವುದಕ್ಕಿಂತ ಮಲಗಿರುವುದು ಮೇಲು.

ಹಾಚಿಜೊದಲ್ಲಿ ಎರಡು ಬಂದರು, ಪೂರ್ವಕ್ಕೆ ಸೊಕೊದೊ, ಪಶ್ಚಿಮಕ್ಕೆ ಯಾಯೆನೆ. ಹಡಗು ಎಲ್ಲಿಗೆ ಬರುತ್ತದೆ ಎಂಬುದು ಆ ದಿನದ ಗಾಳಿ, ಅಲೆ ನೋಡಿ ತೀರ್ಮಾನವಾಗುತ್ತದೆ, ಊರಿನ ಧ್ವನಿವರ್ಧಕದಲ್ಲಿ ಸಾರುತ್ತಾರೆ. ಸೆಕಿಗಾಹಾರಾ ಯುದ್ಧದಲ್ಲಿ ಸೋತ ಉಕಿತಾ ಹಿದೆಯಿಯೆ ಎಂಬ ದೊರೆಯನ್ನು 1606ರಲ್ಲಿ ಇಲ್ಲಿಗೆ ಗಡೀಪಾರು ಮಾಡಿದ್ದರು; ಆತ 1655ರಲ್ಲಿ ತೀರಿಕೊಳ್ಳುವವರೆಗೆ ಇಲ್ಲೇ ಇದ್ದ. ಇಲ್ಲಿ ಕುಸಾಯಾ ಎಂಬ ಒಣಮೀನು ಪ್ರಸಿದ್ಧ. ತಲೆಮಾರುಗಳಿಂದ ಅದೇ ಉಪ್ಪುನೀರನ್ನು ಬಳಸಿ ಮಾಡುತ್ತಾರೆ, ಅದರ ವಾಸನೆ ಬೀದಿಯ ತಿರುವಿಗೇ ಎದುರುಗೊಳ್ಳುತ್ತದೆ. ಸಸ್ಯಾಹಾರಿಗಳಿಗೆ ಆಶಿತಾಬಾ ಸೊಪ್ಪಿದೆ. ತೆಂಪುರಾ ಮಾಡಿಸಿಕೊಳ್ಳಿ. ಜೊತೆಗೆ ಕೊಡುವ ಸಾರಿನಲ್ಲಿ ದಾಶಿ, ಅಂದರೆ ಮೀನು ಕುದಿಸಿದ ರಸ, ಇರುತ್ತದೆ, ಬದಲಿಗೆ ಉಪ್ಪು ಕೇಳಿ.

ನನ್ನ ಗುರಿ ಇನ್ನೂ ಎಪ್ಪತ್ತು ಕಿಲೋಮೀಟರ್ ದಕ್ಷಿಣದ ಆಓಗಾಶಿಮಾ. ಸುಮಾರು 170 ಜನರ ಗ್ರಾಮ, ಇಡೀ ಜಪಾನಿನಲ್ಲಿ ಅತಿ ಕಡಿಮೆ ಜನಸಂಖ್ಯೆಯ ಪಂಚಾಯಿತಿ. ಮನೆ ನಂಬರ್ ಕೂಡ ಇಲ್ಲ, ಎಲ್ಲರ ವಿಳಾಸವೂ ಒಂದೇ. ಹೋಗಲು ಎರಡು ದಾರಿ: ಒಂಬತ್ತು ಸೀಟಿನ ಹೆಲಿಕಾಪ್ಟರ್, ಇಪ್ಪತ್ತು ನಿಮಿಷ, ಇಲ್ಲವೆ ಕುರೊಶಿಯೊ ಮಾರು ಎಂಬ ಸಣ್ಣ ಹಡಗು, ಮೂರು ಗಂಟೆ. ಚಳಿಗಾಲದಲ್ಲಿ ಈ ಹಡಗು ಸತತ ದಿನಗಳ ಕಾಲ ಹೊರಡದೆ ಇರುವುದು ಹೊಸದಲ್ಲ. ಹಾಚಿಜೊದಲ್ಲಿ ಕಾಯುವವರಿಗೆ ಬೆಳಗಿನ ಮೊದಲ ಕೆಲಸವೇ ಫೋನ್ ಹಚ್ಚಿ ಇವತ್ತು ಬಿಡುತ್ತಾರಾ ಎಂದು ಕೇಳುವುದು. ಒಂದು ಬೆಳಿಗ್ಗೆ ಹೌದು ಅಂದರು.

ಹತ್ತಿರ ಹೋದಾಗ ದ್ವೀಪದಲ್ಲಿ ದಡ ಎನ್ನುವಂಥದ್ದೇ ಕಾಣಲಿಲ್ಲ. ಸಮುದ್ರದಿಂದ ನೇರ ಎದ್ದ ಕಪ್ಪು ಗೋಡೆ, ಅದಕ್ಕೆ ಹಚ್ಚಿದ ಕಾಂಕ್ರೀಟು. ಅದೇ ಸಾನ್‌ಪೊ ಬಂದರು. ಮೀನುದೋಣಿಗಳನ್ನು ನೀರಿನಲ್ಲಿ ಬಿಟ್ಟರೆ ಅಲೆ ನುಂಗಿಬಿಡುತ್ತದೆ ಅಂತ ತಂತಿಹಗ್ಗದಲ್ಲಿ ಮೇಲೆತ್ತಿ ಬಂಡೆಯ ಮೇಲಿಡುತ್ತಾರೆ. ಇಳಿಯುವಾಗ ಇಬ್ಬರು ಸಿಬ್ಬಂದಿ ತೋಳು ಹಿಡಿದು, ಏಣಿ ಜೆಟ್ಟಿಗೆ ಸಮವಾಗಿ ಬರುವ ಕ್ಷಣ ನೋಡಿ "ಈಗ!" ಅಂದರು. ಕಾಲು ಊರಿದೊಡನೆ ಏಣಿ ಹಿಂದೆ ಸರಿದಿತ್ತು.

ಬಂದರಿನಿಂದ ಒಂದು ಸುರಂಗ ಜ್ವಾಲಾಮುಖಿಯ ಬಾಯೊಳಕ್ಕೇ ಕರೆದೊಯ್ಯುತ್ತದೆ. ದೊಡ್ಡ ಬಟ್ಟಲಿನಂಥ ಕುಳಿ, ಅದರ ನಡುವೆ ಮಾರುಯಾಮಾ ಎಂಬ ಇನ್ನೊಂದು ಪುಟ್ಟ ಬೆಟ್ಟ. ಮೇಲೆ ಚುಚ್ಚುತ್ತಿದ್ದ ಗಾಳಿ ಇಲ್ಲಿ ನಿಂತೇ ಹೋಗಿತ್ತು. ನೆಲದ ಬಿರುಕುಗಳಲ್ಲಿ ಬಿಸಿ ಹಬೆ ಏಳುತ್ತದೆ, ಅದಕ್ಕೆ ಹಿಂಗ್ಯಾ ಅನ್ನುತ್ತಾರೆ. ಆ ಹಬೆಯಿಂದಲೇ ಸೌನಾ, ಆ ಹಬೆಯಿಂದಲೇ ಉಪ್ಪಿನ ಕಾರ್ಖಾನೆ. ಪಕ್ಕದಲ್ಲಿ ಯಾರು ಬೇಕಾದರೂ ಬಳಸಬಹುದಾದ ಹಬೆಯ ಒಲೆಗಳು. ಬುಟ್ಟಿಯಲ್ಲಿ ಗೆಣಸಿಟ್ಟು, ಮುಚ್ಚಳ ಹಾಕಿ, ಕೊಳವೆಯ ಗುಬಟು ತಿರುಗಿಸಿದರೆ ಆಯಿತು. ಮುಕ್ಕಾಲು ಗಂಟೆಗೆ ಸಿಪ್ಪೆ ತಾನೇ ಬಿಡುವಷ್ಟು ಬೆಂದಿತ್ತು. ಊರಲ್ಲಿ ಅದೇ ವಾರ ಎಳ್ಳುಬೆಲ್ಲದ ಜೊತೆ ಗೆಣಸು, ಅವರೆಕಾಯಿ ಬೇಯಿಸುತ್ತಿದ್ದರು. ಅವರೆಕಾಯಿ ಒಂದಕ್ಕೆ ಇಲ್ಲಿ ಉಪಾಯವಿಲ್ಲ.

ಈ ಕುಳಿ ಸುಮ್ಮನೆ ಬಿದ್ದದ್ದಲ್ಲ. 1785ರಲ್ಲಿ ಇದು ಸಿಡಿದಾಗ ದ್ವೀಪದಲ್ಲಿ ಮುನ್ನೂರಕ್ಕೂ ಹೆಚ್ಚು ಜನರಿದ್ದರು. ಹಾಚಿಜೊದಿಂದ ಬಂದ ದೋಣಿಗಳು ಸುಮಾರು ಇನ್ನೂರು ಜನರನ್ನು ಹೊತ್ತೊಯ್ದವು, ಉಳಿದ ನೂರಮೂವತ್ತಕ್ಕೂ ಹೆಚ್ಚು ಜನ ಸತ್ತರು. ಬದುಕಿದವರು ಹಾಚಿಜೊದಲ್ಲಿ ನಿರಾಶ್ರಿತರಾಗಿ ಕಳೆದರು. ಮರಳಿ ಹೋಗುವ ಪ್ರಯತ್ನಗಳಲ್ಲಿ ಹಡಗುಗಳು ಒಡೆದು ಇನ್ನೂ ಪ್ರಾಣಗಳು ಹೋದವು. ಕೊನೆಗೆ ಸಾಸಾಕಿ ಜಿರೊದಾಯು ಎಂಬ ಮುಖಂಡನ ನೇತೃತ್ವದಲ್ಲಿ 1824ರಲ್ಲಿ ಊರು ಮತ್ತೆ ತುಂಬಿತು. ಅಷ್ಟು ಹೊತ್ತಿಗೆ ದ್ವೀಪ ಬಿಟ್ಟಾಗಿನ ಮಕ್ಕಳಿಗೆ ನಲವತ್ತು ದಾಟಿತ್ತು. ಹಾಚಿಜೊದಲ್ಲಿ ಹುಟ್ಟಿದವರು ನೋಡಿಯೇ ಇರದ ಊರಿಗೆ 'ಮರಳಿದರು'. ನಮ್ಮ ಬಳಗದ ಮಕ್ಕಳಿಗೆ 'ನಮ್ಮೂರು' ಅನ್ನುವಾಗ ನಾವೂ ಸುಮಾರು ಇದನ್ನೇ ಮಾಡುತ್ತಿರುತ್ತೇವೆ.

ನಾನು ಉಳಿದಿದ್ದ ಮಿಂಶುಕುವಿನ, ಅಂದರೆ ಮನೆಯವರೇ ನಡೆಸುವ ವಸತಿಯ, ಊಟದ ಕೋಣೆಯಲ್ಲಿ ನನ್ನನ್ನು ಬಿಟ್ಟರೆ ಉಳಿದವರೆಲ್ಲ ರಸ್ತೆ, ಬಂದರಿನ ಕಾಮಗಾರಿಗೆ ಬಂದ ಕೆಲಸಗಾರರು. "ನೀವೂ ಕೆಲಸಕ್ಕೇ?" ಅಂತ ಕೇಳಿದರು. ಸುಮ್ಮನೆ ನೋಡಲು ಬಂದೆ ಅಂದಾಗ ಒಬ್ಬರು ಚಾಪ್‌ಸ್ಟಿಕ್ ಕೆಳಗಿಟ್ಟು ನನ್ನನ್ನೇ ನೋಡಿದರು. ಟಿವಿಯಲ್ಲಿ ಹವಾಮಾನ ಶುರುವಾದ ತಕ್ಷಣ ಮಾತು ನಿಂತಿತು. ಭೂಪಟದ ಮೇಲೆ ಒತ್ತಡದ ಗೆರೆಗಳು ಒತ್ತೊತ್ತಾಗಿ ಉದ್ದಕ್ಕೆ ನಿಂತಿದ್ದವು, ಜೋರು ಗಾಳಿಯ ಗುರುತು ಅದು. ಮನೆಯೊಡತಿ ಬಡಿಸುತ್ತಲೇ, ತಲೆಯೆತ್ತದೆ, "ನಾಳೆ ಇಲ್ಲ, ನಾಡಿದ್ದೂ ಇಲ್ಲ" ಅಂದರು. ಊರಿನ ಒಂದೇ ಅಂಗಡಿಯಲ್ಲಿ ಹಾಲು, ಬ್ರೆಡ್ಡಿನ ಕಪಾಟು ಖಾಲಿ. ಆದರೆ ಮನೆಯವರ ಫ್ರೀಜರ್ ತುಂಬಿತ್ತು, ಆ ಲೆಕ್ಕ ಅವರಿಗೆ ಯಾರೂ ಕಲಿಸಬೇಕಿಲ್ಲ. ಇಲ್ಲಿ ಶಾಲೆ ಒಂಬತ್ತನೇ ತರಗತಿಗೆ ಮುಗಿಯುತ್ತದೆ, ಅದರ ಮೇಲಿನ ಹೈಸ್ಕೂಲು ಇಲ್ಲ. ಹದಿನೈದಕ್ಕೆ ಮಕ್ಕಳು ಹಡಗು ಹತ್ತಿ ಹೊರಡಬೇಕು, ರಜೆಗೆ ಬರುವುದಕ್ಕೂ ಹಡಗು ಒಪ್ಪಬೇಕು.

ಸಾಗರದ ಕಡೆಯ ಗೆಳೆಯರೊಬ್ಬರಿಗೆ ಇದನ್ನು ಹೇಳಿದಾಗ ಅವರು ಸಿಗಂದೂರು ಲಾಂಚಿನ ಕತೆ ತೆಗೆದರು. ಲಿಂಗನಮಕ್ಕಿಯ ಹಿನ್ನೀರು ತುಂಬಿದ ಮೇಲೆ ತುಮರಿಯ ಕಡೆಯವರು ದಶಕಗಳ ಕಾಲ ಲಾಂಚಿನ ಹೊತ್ತಿಗೆ ಬದುಕನ್ನು ಹೊಂದಿಸಿಕೊಂಡರು, ಹೆರಿಗೆ ನೋವೂ ಆ ಹೊತ್ತಿಗೇ ಬರಬೇಕಿತ್ತು. 2025ರ ಜುಲೈಯಲ್ಲಿ ಸೇತುವೆ ಆಯಿತು. ಲಾಂಚು ಹೋದದ್ದಕ್ಕೆ ಪ್ರವಾಸಿಗರಿಗೆ ಬೇಸರ, ಊರವರಿಗಲ್ಲ. ಹಾಗಾಗಿ ಆಓಗಾಶಿಮಾದ ಬದುಕು ಎಷ್ಟು ಚೆಂದ ಅಂತ ಬರೆಯಲು ನನಗೆ ಮನಸ್ಸಿಲ್ಲ. ನಾನು ಕೆಲವು ದಿನ ಸಿಕ್ಕಿಬಿದ್ದೆ, ಅದನ್ನು ರಜೆ ಅನ್ನಬಹುದು. ಅಲ್ಲಿ ಹಲ್ಲುನೋವು ಬಂದವರು ಅದನ್ನು ಏನನ್ನುತ್ತಾರೋ.

ಹೋಗುವ ಮನಸ್ಸಾದವರಿಗೆ ಎರಡು ಮಾತು. ಡಿಸೆಂಬರ್ 29ರಿಂದ ಜನವರಿ 3ರ ನಡುವೆ ಬೇಡ, ದ್ವೀಪದ ಮಕ್ಕಳು ಮನೆಗೆ ಹೋಗುವ ಸಮಯ ಅದು, ಸೀಟು ಅವರಿಗಿರಲಿ. ಹೆಲಿಕಾಪ್ಟರ್ ಬುಕಿಂಗ್ ಒಂದು ತಿಂಗಳು ಮುಂಚೆ ತೆರೆಯುತ್ತದೆ, ಬೇಗ ತುಂಬುತ್ತದೆ. ಮಿಂಶುಕು ಗೊತ್ತುಮಾಡದೆ ಹಡಗು ಹತ್ತಲೇಬೇಡಿ, ಕೋಣೆಗಳು ಕಾಮಗಾರಿಯವರಿಂದ ಭರ್ತಿಯಾಗಿರುತ್ತವೆ. ಔಷಧಿ, ನಗದು, ಒಂದಿಷ್ಟು ಚಟ್ನಿಪುಡಿ ಲೆಕ್ಕಕ್ಕಿಂತ ಹೆಚ್ಚೇ ಇರಲಿ. ಆಫೀಸಿನಲ್ಲಿ ರಜೆ ಕೇಳುವಾಗ ಮರಳುವ ತಾರೀಖಿನ ಪಕ್ಕದಲ್ಲಿ 'ಹಡಗು ಬಿಟ್ಟರೆ' ಅಂತ ಬರೆದುಕೊಡಿ. ನನ್ನ ಮೇಲಧಿಕಾರಿ ಅದನ್ನು ಓದಿ ಒಂದು ಪ್ರಶ್ನೆಯನ್ನೂ ಕೇಳದೆ ಮೊಹರು ಒತ್ತಿದರು.