ಅತ್ತೆಯ ಕಾಯಿಲೆ, ತಂಗಿಯ ಸಂಬಂಧ

ಹೈಡೆಲ್‌ಬರ್ಗ್, ಭಾನುವಾರ

ತೀರ್ಥರೂಪು ಅಪ್ಪಯ್ಯನವರಿಗೆ ಮಗಳ ಶಿರಸಾಷ್ಟಾಂಗ ನಮಸ್ಕಾರಗಳು. ನಾನು ಕ್ಷೇಮ. ಆಯಿಗೂ ನಮಸ್ಕಾರ ತಿಳಿಸಿ.

ನಿಮ್ಮ ಪತ್ರ ತಲುಪಿತು. ಹುಬ್ಬಳ್ಳಿಯಲ್ಲಿ ಅತ್ತೆಯ ಎದೆಯ ಕ್ಯಾನ್ಸರ್ ಗಂಟನ್ನು ತೆಗೆದರು, ಶಿರಸಿಗೆ ಮರಳಿ ಬಂದು ಗಂಜಿ ಊಟ ಮಾಡುತ್ತಿದ್ದಾರೆ ಎಂದು ಓದಿ ಸಮಾಧಾನವಾಯಿತು. ಆದರೆ ಸಿದ್ದಾಪುರದವರು ‘ಇದು ವಂಶದಲ್ಲೇ ಇರುವ ರೋಗವಲ್ಲವೇ’ ಎಂದು ಕೇಳಿ ತಂಗಿಯ ಜಾತಕವನ್ನು ಹಿಂದಿರುಗಿಸಿದ್ದನ್ನು ಓದಿದ ಮೇಲೆ ನಿದ್ದೆ ಬರಲಿಲ್ಲ. ನಾನು ದಿನವೂ ಮಾಡುವ ಕೆಲಸ ಈ ರೋಗದ ಸಂಶೋಧನೆಯೇ ಆಗಿರುವುದರಿಂದ ಬಿಡಿಸಿ ಬರೆಯುತ್ತಿದ್ದೇನೆ.

ಜೀವಕೋಶವು ಸುಮ್ಮನೆ ಇಬ್ಭಾಗವಾಗುವುದಿಲ್ಲ. ‘ಬೆಳೆ’ ಎಂಬ ಸಂದೇಶ ಹೊರಗಿನಿಂದ ಬಂದು ಅದರ ಪೊರೆಯನ್ನು ಮುಟ್ಟಬೇಕು, ಅಲ್ಲಿಂದ ಒಂದು ಪ್ರೋಟೀನು ಇನ್ನೊಂದನ್ನು ಎಬ್ಬಿಸುತ್ತ ಕೋಶಕೇಂದ್ರದವರೆಗೆ ಸಾಗಬೇಕು. ಈ ದಾರಿಯುದ್ದಕ್ಕೂ ತಡೆಯುವ ಪ್ರೋಟೀನುಗಳಿವೆ, ಆ ತಡೆ ತಪ್ಪಿದಾಗ ಕೋಶ ಮಿತಿಯಿಲ್ಲದೆ ಬೆಳೆದು ಕ್ಯಾನ್ಸರಾಗಬಹುದು. ಪಿಟೆನ್ ಎಂಬುದು ಸಂದೇಶ ಒಯ್ಯುವ ಕೊಬ್ಬಿನ ಅಣುವಿನಿಂದ ಫಾಸ್ಫೇಟ್ ಎಂಬ ಒಂದು ರಾಸಾಯನಿಕ ತುಣುಕನ್ನು ಕಿತ್ತು ಅದನ್ನು ಅಲ್ಲಿಗೇ ನಿಲ್ಲಿಸುತ್ತದೆ. ಆರ್‌ಬಿ ಎಂಬುದು ವಿಭಜನೆಯ ಜೀನುಗಳನ್ನು ಚಾಲೂ ಮಾಡುವ ಇ2ಎಫ್ ಎಂಬ ಪ್ರೋಟೀನನ್ನು ಹಿಡಿದಿಟ್ಟುಕೊಂಡಿರುತ್ತದೆ. ಸಂದೇಶ ಬಲವಾಗಿ ಬಂದಾಗ ಮಾತ್ರ ಆರ್‌ಬಿಯ ಮೇಲೆ ಫಾಸ್ಫೇಟುಗಳು ಕುಳಿತು ಆ ಹಿಡಿತ ಸಡಿಲವಾಗುತ್ತದೆ.

ನನ್ನ ಕೆಲಸ ಇಂಥದೇ ಇನ್ನೊಂದು ತಡೆಯುವ ಪ್ರೋಟೀನು, 1979ರಲ್ಲಿ ಗೊತ್ತಾದ ಪಿ53ರ ಮೇಲೆ. ಕೋಶವು ಇದನ್ನು ಸದಾ ತಯಾರಿಸುತ್ತಲೇ, ಎಂಡಿಎಂ2 ಎಂಬ ಪ್ರೋಟೀನಿನ ಮೂಲಕ ಸದಾ ನಾಶ ಮಾಡುತ್ತಲೂ ಇರುತ್ತದೆ. ಡಿಎನ್‌ಎ ತುಂಡಾದಾಗ ಈ ನಾಶಕ್ಕೆ ತಡೆ ಬೀಳುತ್ತದೆ. ಆಗ ಪಿ53 ಶೇಖರವಾಗಿ, ಪಿ21 ಎಂಬ ಮತ್ತೊಂದು ತಡೆಯುವ ಪ್ರೋಟೀನನ್ನು ಮಾಡಿಸಿ, ಅದರ ಮೂಲಕ ಆರ್‌ಬಿಯ ಹಿಡಿತ ಬಿಗಿಯಾಗಿಯೇ ಇರುವಂತೆ ನೋಡಿಕೊಳ್ಳುತ್ತದೆ. ದುರಸ್ತಿ ಸಾಧ್ಯವಾಗದಿದ್ದರೆ ಕೋಶವೇ ಸಾಯುವಂತೆ ಮಾಡುತ್ತದೆ. ಕಳೆದ ವಾರ, ಡಿಎನ್‌ಎ ತುಂಡಾಗಲೆಂದು ವಿಕಿರಣ ಕೊಟ್ಟ ಕೋಶಗಳನ್ನು ಪರೀಕ್ಷಿಸಿದೆ, ಪ್ರೋಟೀನು ಹೆಚ್ಚಿದ್ದಷ್ಟೂ ಅದರ ಗೆರೆ ಕಪ್ಪಾಗಿ ಕಾಣುತ್ತದೆ. ವಿಕಿರಣ ತಾಗದ ಸಾಲಿನಲ್ಲಿ ಪಿ53ರ ಗೆರೆ ಪೆನ್ಸಿಲಿನಲ್ಲಿ ಎಳೆದು ಅಳಿಸಿದಷ್ಟು ಮಸುಕಾಗಿತ್ತು, ನಾಲ್ಕು ತಾಸಿನ ನಂತರದ ಸಾಲಿನಲ್ಲಿ ಕಾಡಿಗೆ ತೀಡಿದಷ್ಟು ಕಪ್ಪಾಗಿತ್ತು. ಅದನ್ನು ನೋಡುವಾಗೆಲ್ಲ ಅತ್ತೆಯೇ ನೆನಪಾದರು.

ಈಗ ಮುಖ್ಯ ಮಾತು. ಈ ತಡೆಯುವ ಪ್ರೋಟೀನುಗಳನ್ನು ಮಾಡಿಸುವ ಪ್ರತಿ ಜೀನಿಗೂ ನಮ್ಮಲ್ಲಿ ಎರಡು ಪ್ರತಿಗಳಿವೆ, ತಾಯಿಯದೊಂದು, ತಂದೆಯದೊಂದು. ಸಾಮಾನ್ಯವಾಗಿ ಎರಡೂ ಕೆಟ್ಟಾಗಲೇ ತಡೆ ತಪ್ಪುತ್ತದೆ ಎಂಬುದನ್ನು ಮಕ್ಕಳ ಕಣ್ಣಿನ ಗಡ್ಡೆಯನ್ನು ಅಭ್ಯಸಿಸಿ ಅಮೆರಿಕದ ವೈದ್ಯ ಆಲ್‌ಫ್ರೆಡ್ ನಡ್‌ಸನ್ 1971ರಲ್ಲಿ ಸೂಚಿಸಿದರು. ಹೆಚ್ಚಿನ ಕ್ಯಾನ್ಸರುಗಳಲ್ಲಿ ಈ ಕೆಡುಕು ಬದುಕಿನ ಅವಧಿಯಲ್ಲಿ ಯಾವುದೋ ಅಂಗದ ಒಂದು ಕೋಶದಲ್ಲಿ ಆಗುತ್ತದೆ. ಅದು ಮನೆತನಕ್ಕೆ ಹರಿಯುವುದಿಲ್ಲ. ಕೆಟ್ಟ ಪ್ರತಿಯನ್ನು ಹುಟ್ಟಿನಿಂದಲೇ ಪಡೆದು ಬರುವ ಸ್ತನ ಕ್ಯಾನ್ಸರು ನೂರಕ್ಕೆ ಐದರಿಂದ ಹತ್ತು ಮಾತ್ರ, ಅದರಲ್ಲಿ ಡಿಎನ್‌ಎ ದುರಸ್ತಿ ಮಾಡುವ ಬಿಆರ್‌ಸಿಎ1 ಮತ್ತು ಬಿಆರ್‌ಸಿಎ2 ಜೀನುಗಳ ದೋಷ ಹೆಚ್ಚು. ಅತ್ತೆಗೆ ಅರವತ್ತಮೂರು ವರ್ಷ, ನಮ್ಮಲ್ಲಿ ಬೇರೆ ಯಾರಿಗೂ ಇದು ಬಂದಿಲ್ಲ, ಹಾಗಾಗಿ ಇದು ವಂಶದ್ದಾಗಿರುವ ಸಾಧ್ಯತೆ ಕಡಿಮೆ.

ಖಚಿತವಾಗಬೇಕಾದರೆ ಮೊದಲು ಅತ್ತೆಯ ರಕ್ತವನ್ನೇ ಪರೀಕ್ಷಿಸಬೇಕು, ತಂಗಿಯದನ್ನಲ್ಲ. ಒಂದು ವೇಳೆ ದೋಷ ಸಿಕ್ಕಿದರೂ, ಅತ್ತೆ ನಿಮ್ಮ ಒಡಹುಟ್ಟಿದವರಾದ್ದರಿಂದ ಅದು ನಿಮ್ಮಲ್ಲಿ ಇರುವ ಸಾಧ್ಯತೆ ಅರ್ಧ, ತಂಗಿಯಲ್ಲಿ ಕಾಲು. ಇಂಥ ದೋಷ ಗಂಡಸರ ಮೂಲಕವೂ ಬರುತ್ತದೆ. ಇದರಲ್ಲಿ ಆಯಿಯ ತವರನ್ನು ಎಳೆದು ತಂದವರ ಮಾತನ್ನು ದಯವಿಟ್ಟು ಮನೆಯೊಳಗೆ ಬಿಟ್ಟುಕೊಳ್ಳಬೇಡಿ. ಇದ್ದರೂ ಮೊದಲೇ ತಿಳಿದವಳು ಕಾಲಕಾಲಕ್ಕೆ ತಪಾಸಣೆ ಮಾಡಿಸಿಕೊಳ್ಳಬಹುದು. ಪರೀಕ್ಷೆಯ ಖರ್ಚನ್ನು ನಾನೇ ಕಳಿಸುತ್ತೇನೆ. ಅಡಿಕೆ ಮಾರಿ ಹಣ ಹೊಂದಿಸಬೇಡಿ, ದರ ಏರುವವರೆಗೆ ಕಾಯಿರಿ.

ನನ್ನ ಊಟದ ಚಿಂತೆ ಆಯಿಗೆ ಬೇಡ. ಇಲ್ಲಿ ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ, ಗೋಡೆಗೆ ಮೊಳೆ ಹೊಡೆಯುವಂತೆಯೂ ಇಲ್ಲ. ಆ ನಿಶ್ಶಬ್ದ ನನಗೆ ಹಿಡಿಸಿದೆ. ಕಿಟಕಿಯ ಕುಂಡದಲ್ಲಿ ದೊಡ್ಡಪತ್ರೆ ಚಿಗುರಿದೆ, ಇಂದು ಅದರದೇ ತಂಬುಳಿ. ನಾನು ಚೆನ್ನಾಗಿದ್ದೇನೆ, ನಿಜವಾಗಿಯೂ ಚೆನ್ನಾಗಿದ್ದೇನೆ.

ಕೋಶಗಳಿಗೆ ಆಹಾರ ಬದಲಿಸುವ ಹೊತ್ತಾಯಿತು, ಪ್ರಯೋಗಾಲಯಕ್ಕೆ ಓಡಬೇಕು. ಅತ್ತೆಯ ಬಯಾಪ್ಸಿ ವರದಿಯ ಫೋಟೋ ತೆಗೆದು ತಂಗಿಯಿಂದ ಇಂದೇ ಕಳಿಸಿರಿ.

ಇಂತಿ ನಿಮ್ಮ ಮಗಳು